ಗಾಡಿಗಿಂತ ಮುಂದೆ ನಡೆದ ದೀಪ

ಎರಡು ಸಾವಿರದ ಆರನೆಯ ಇಸವಿ. ಜೂನಿನ ಮಿರಗದ ಮಳೆ ಒಂದು ಸಲ ಬಂದು ಹೋಗಿತ್ತು. ಬಸವಕಲ್ಯಾಣದ ನಮ್ಮ ಮನೆಯಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದೆ. ಓಣಿಯ ತುದಿಗೆ ನಮ್ಮ ದಿಂಡಿಯ ಗಾಡಿ ಬಂದು ನಿಂತಿತು. ಹುಮನಾಬಾದಿನಿಂದ ಪಂಢರಪುರಕ್ಕೆ ಭಜನೆ ಮಾಡುತ್ತ ನಡೆದು ಹೋಗುವ ನಮ್ಮ ತಂಡ, ದಿಂಡಿ, ಹೊರಡುವುದು ಮರುದಿನ ಮುಂಜಾನೆ. ಗಾಡಿ ಇವತ್ತೇ ಯಾಕೆ ಬಂತು ಎಂದುಕೊಂಡೆ. ಚಾಲಕ ಖಮರುದ್ದೀನ್ ಇಳಿದು ಬಂದ. ಯಾವಾಗಲೂ ಓಣಿಗೆಲ್ಲ ಕೇಳುವಂತೆ ಹಾರ್ನ್ ಹೊಡೆಯುವವನು ಅವತ್ತು ಹೊಡೆದಿರಲಿಲ್ಲ.

"ಲಲಿತಕ್ಕಾ, ನಡೀರಿ. ದತ್ತು ಭಾಯಿ ಹೋದ್ರು."

"ಎಲ್ಲಿಗಿ ಹೋದ? ನಾಳಿ ದಿಂಡಿ ಅದ."

ಅವನು ಕಟ್ಟೆಯ ಮೇಲೆ ಕುಳಿತು ಹೆಗಲ ರುಮಾಲಿನಿಂದ ಮುಖ ಮುಚ್ಚಿಕೊಂಡ. ಆಗ ನನಗೆ ತಿಳಿಯಿತು. ನನ್ನ ತಮ್ಮ ದತ್ತಾತ್ರಿ ಮುಂಜಾನೆ ಸ್ನಾನ ಮಾಡಿ ದೇವರ ಮುಂದೆ ಕುಳಿತವನು ಅಲ್ಲೇ ಗೋಡೆಗೆ ಒರಗಿದನಂತೆ. ಅವನ ಹೆಂಡತಿ ಸುಮನಬಾಯಿ ಚಹಾ ತಂದು ಎರಡು ಸಲ ಕರೆದಳಂತೆ.

ಬೀಗ ಹಾಕಿ ಹೊರಟೆ. ಗಾಡಿ ಹತ್ತುವ ಮೊದಲು ಯಾಕೋ ಹಿಂದಕ್ಕೆ ಹೋಗಿ ನೋಡಿದೆ. ಜನರೇಟರಿನ ಪೆಟ್ರೋಲ್ ಡಬ್ಬಿ ತನ್ನ ಕಬ್ಬಿಣದ ಪಂಜರದಲ್ಲಿ ನೆಟ್ಟಗೆ ನಿಂತಿತ್ತು. ಹಳೆಯ ಸೈಕಲ್ ಟ್ಯೂಬು ಸೀಳಿ ಅದನ್ನು ಬಿಗಿದ ಗಂಟು ನನ್ನ ತಮ್ಮನದೇ. ಹಿಂದಿನ ಸಂಜೆ ಕಟ್ಟಿದ್ದಂತೆ.

ಹುಮನಾಬಾದಿನಲ್ಲಿ ದತ್ತಾತ್ರಿಗೆ ಮದುವೆ ಮನೆಗಳಿಗೆ ದೀಪ, ಮೈಕು, ಜನರೇಟರ್ ಒದಗಿಸುವ ಅಂಗಡಿಯಿತ್ತು. ಜನ ಅವನನ್ನು 'ಲೈಟಿನ ದತ್ತು' ಎನ್ನುತ್ತಿದ್ದರು. ತೊಂಬತ್ತೊಂದರಲ್ಲಿ ಅವನೂ ಖಮರುದ್ದೀನನೂ ಸೇರಿ ಒಂದು ಹಳೆಯ ಲಾರಿಯ ಮೇಲೆ ಹಲಗೆಯ ಮನೆ ಕಟ್ಟಿದರು. ಒಳಗೆ ಎರಡೂ ಬದಿಗೆ ಮಲಗುವ ಹಲಗೆಗಳು, ಹಾಸಿಗೆ ಇಡಲು ಅಟ್ಟ, ಮಳೆ ಬಂದರೆ ಇಳಿಬಿಡಲು ತಾಡಪತ್ರಿ, ಮುಂಭಾಗದಲ್ಲಿ ದೇವರ ಗೂಡು. ನಡೆಯಲಾರದ ಮುದುಕಿಯರು ಅದರಲ್ಲಿ ಕುಳಿತು ದಿಂಡಿಯ ಹಿಂದೆ ಬರುತ್ತಿದ್ದರು. ರಾತ್ರಿ ವಸತಿಯ ಊರಿನಲ್ಲಿ ಜನರೇಟರ್ ಇಳಿಸಿ ಭಜನೆಗೆ ದೀಪ ಹಾಕುವುದು ದತ್ತಾತ್ರಿಯ ಸೇವೆ.

ಆ ದೇವರ ಗೂಡಿನಲ್ಲಿ ನಮ್ಮ ಅವ್ವನ ನಿರಂಜನ ದೀಪ ಉರಿಯುತ್ತಿತ್ತು. ನಮ್ಮ ಮನೆಯ ದೇವರ ಮುಂದೆ ಹಚ್ಚಿದ ದೀಪ ದಾರಿಯಲ್ಲಿ ಆರದೆ ವಿಠೋಬನ ಬಾಗಿಲು ಮುಟ್ಟಬೇಕೆಂದು ಅವ್ವ ಹರಕೆ ಹೊತ್ತಿದ್ದಳು. ತೊಂಬತ್ತಾರರಲ್ಲಿ ತೀರಿಹೋಗುವಾಗ ನಮ್ಮಿಬ್ಬರ ಕೈ ಹಿಡಿದು, "ನಾ ಇಲ್ಲಂತ ದೀಪ ನಿಲ್ಲಬಾರದು" ಎಂದಿದ್ದಳು.

ಒಂದೇ ಗಾಡಿಯಲ್ಲಿ ಬೆಂಕಿಯೂ ಇದೆ, ಪೆಟ್ರೋಲೂ ಇದೆ. ಇದೇ ನನ್ನ ತಮ್ಮನ ಚಿಂತೆ. ಅದಕ್ಕೇ ಡಬ್ಬಿಗೆ ಮನೆಯೊಳಗೆ ಜಾಗವಿರಲಿಲ್ಲ. ಹಿಂಬದಿಯಲ್ಲಿ, ಹೊಗೆ ಕೊಳವೆಯಿಂದ ದೂರ, ಹೊರಗೆ ಪಂಜರ ಮಾಡಿಸಿದ್ದ. ಡಬ್ಬಿಯನ್ನು ಬಾಯಿತನಕ ತುಂಬಿಸುತ್ತಿರಲಿಲ್ಲ. ಬಿಸಿಲಿಗೆ ಅದು ಉಬ್ಬುತ್ತದೆ, ಉಸಿರಾಡಲು ಜಾಗ ಬೇಕು ಎನ್ನುತ್ತಿದ್ದ. ತುಂಬಿಸುವಾಗ ಗಾಡಿಯ ಮೇಲಿಟ್ಟು ತುಂಬಿಸಿದವನಲ್ಲ, ನೆಲಕ್ಕೆ ಇಳಿಸಿಯೇ ಆಗಬೇಕು. ಜನರೇಟರ್ ಆರಿ ತಣ್ಣಗಾಗುವವರೆಗೆ ಅದರ ಹೊಟ್ಟೆಗೆ ಒಂದು ಹನಿ ಹಾಕುತ್ತಿರಲಿಲ್ಲ. ಎಷ್ಟೋ ಸಲ ಅಭಂಗದ ನಡುವೆಯೇ ದೀಪ ಹೋಗಿ, ನಾವು ಕತ್ತಲಲ್ಲೇ ತಾಳ ಹಾಕುತ್ತ ಕಾದಿದ್ದುಂಟು.

"ಏ ದತ್ತು, ವಿಠೋಬಾ ಇಪ್ಪತ್ತೆಂಟು ಯುಗ ನಿಂತಾನ, ನೀ ಇನ್ನೊಂದು ಯುಗ ನಿಲ್ಲಸ್ತಿ ಏನೋ?" ಎಂದು ಮುದುಕಿಯರು ಕೂಗುತ್ತಿದ್ದರು.

"ನಿಂದರ್ಲಿ ಬಿಡ್ರಿ. ಸುಟ್ಟ ಮಾರಿ ತಗೊಂಡು ಹೋಗಿ ಅವಗೇನು ತೋರಸ್ತೀರಿ?" ಎಂದು ಕತ್ತಲಿನಿಂದ ಉತ್ತರ ಬರುತ್ತಿತ್ತು.

ಸುಮನಬಾಯಿಯದು ಇನ್ನೊಂದು ಮಾತು. "ಆ ಡಬ್ಬಿಗಿ ಇಟ್ಟ ನಿಗಾ ನನಗ ಇಟ್ಟಿದ್ರ ನಾ ಇಷ್ಟು ಸೊರಗತಿದ್ದಿಲ್ಲ." ಅವಳು ಸೊರಗಿದವಳೇನಲ್ಲ. ಗಂಡನ ಹಾಗೆ ಅವಳೂ ದಪ್ಪ. ಎಲ್ಲರೂ ನಗುತ್ತಿದ್ದರು, ದತ್ತಾತ್ರಿ ಎಲ್ಲರಿಗಿಂತ ಹೆಚ್ಚು. ನಡೆದು ವಾರಿ, ಅಂದರೆ ಪಂಢರಪುರದ ಯಾತ್ರೆ, ಮಾಡುವುದು ತನ್ನ ಹೊಟ್ಟೆಗೆ ಆಗದ ಮಾತು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಗಾಡಿಯಲ್ಲಿ ಖಮರುದ್ದೀನನ ಪಕ್ಕವೇ ಅವನ ಜಾಗ.

ತೊಂಬತ್ತೆಂಟರ ವಾರಿ. ಎರಡನೆಯ ದಿನ ಮಧ್ಯಾಹ್ನ ನಾರಾಯಣಪುರದ ಹಳೆಯ ಶಿವಾಲಯದ ಹತ್ತಿರ ಗಾಡಿ ನಿಲ್ಲಿಸಿದ್ದೆವು. ಜೋರು ಮಳೆ ಹಿಡಿಯಿತು. ತಾಡಪತ್ರಿ ಇಳಿಬಿಟ್ಟು ಮುದುಕಿಯರೆಲ್ಲ ಗಾಡಿಯೊಳಗೆ ಸೇರಿದರು. ನಾನೂ ದತ್ತಾತ್ರಿಯೂ ಗುಡಿಯ ಮುಂದಿನ ಚಾವಣಿಯ ಕೆಳಗೆ ನಿಂತಿದ್ದೆವು. ಮಳೆ ತುಸು ತಗ್ಗಿತು. ದತ್ತಾತ್ರಿ ಗಾಡಿಯ ಹಿಂಬದಿ ನೋಡಿದ. ಪಂಜರ ತೆರೆದಿತ್ತು. ಡಬ್ಬಿ ಇರಲಿಲ್ಲ.

ಆ ದೇಹ ಹಾಗೆ ಓಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಅವನ ಹಿಂದೆಯೇ ಹೋಗಿ ತಾಡಪತ್ರಿ ಸರಿಸಿ ನೋಡಿದೆ. ಡಬ್ಬಿ ದೇವರ ಗೂಡಿನ ಕೆಳಗೆ ಕುಳಿತಿತ್ತು. ಅದಕ್ಕೆ ಪೂಜೆಯ ಕರಿ ಪುಡಿ ಬುಕ್ಕಾ ಹಚ್ಚಿ, ಮೇಲೊಂದು ಹೂ ಇಟ್ಟಿದ್ದರು. ಮೇಲ್ಗಡೆ ಗೂಡಿನಲ್ಲಿ ನಿರಂಜನ ಉರಿಯುತ್ತಿತ್ತು. ಪ್ರತಿ ವರ್ಷ ದಿಂಡಿಯಲ್ಲಿ ನಡೆದೇ ಬರುತ್ತಿದ್ದ ದುಬಲಗುಂಡಿಯ ಧೂಳಮ್ಮ ಒಂದು ಕೈಯಲ್ಲಿ ತುಳಸಿ ದಳ ಹಿಡಿದು ಇನ್ನೊಂದು ಕೈಯಿಂದ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು.

ದತ್ತಾತ್ರಿ ಕೂಗಲಿಲ್ಲ. "ಆಯಿ, ಕೈ ಅಲ್ಲೇ ಇರ್ಲಿ. ಅಳ್ಳಾಡಬ್ಯಾಡ್ರಿ" ಎಂದ, ಕೂಸಿಗೆ ಹೇಳುವ ದನಿಯಲ್ಲಿ. ಒಂದು ಕ್ಷಣ ಅವನ ಬಲಗೈ ದೀಪದ ಕಡೆಗೆ ಎದ್ದಿತು. ಆಮೇಲೆ ಕೆಳಗಿಳಿದು ಮುಚ್ಚಳದ ಮೇಲೆ ಕುಳಿತು ಬಿಗಿಯಿತು. ಮುಚ್ಚಳ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ವಾಸನೆ ಮಾತ್ರ ಬರತೊಡಗಿತ್ತು. ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೊರಗೆ ಒಯ್ದು ದೂರದ ಕಲ್ಲಿನ ಹತ್ತಿರ ಇಟ್ಟ. ಎಲ್ಲರನ್ನೂ ಇಳಿಸಿ, ತಾಡಪತ್ರಿ ನಾಲ್ಕೂ ಕಡೆ ಎತ್ತಿಸಿ ಗಾಳಿ ಆಡಿಸಿದ. ಆಮೇಲೆ ಹಸಿ ನೆಲದ ಮೇಲೆ ಕುಳಿತುಬಿಟ್ಟ.

ಧೂಳಮ್ಮನಿಗೆ ಸಿಟ್ಟು ಬಂದಿತ್ತು. "ಅದರಿಂದ ವಿಠೋಬನ ಭಜನಿಗಿ ಬೆಳಕು ಆಗ್ತದ. ಅದನ್ನ ರಾಡ್ಯಾಗ, ನಾಯಿ ಅಡ್ಡಾಡೋ ಕಡಿ ಇಡ್ತಿ. ನಾನೇ ಒಳಗ ತಂದೆ. ದೇವರಿಗಿ ಸಲ್ಲೋ ಎಣ್ಣಿಗಿ ಒಂದು ತುಳಸಿ ಎಲಿ ಹಾಕಬಾರದೇನು?"

ಅವಳ ಮಾತಿನಲ್ಲಿ ತಪ್ಪೆಲ್ಲಿದೆ? ನಮ್ಮಲ್ಲಿ ತುಳಸಿ ದಳ ಹಾಕದೆ ವಿಠೋಬನಿಗೆ ಏನನ್ನೂ ಒಪ್ಪಿಸುವುದಿಲ್ಲ.

ದತ್ತಾತ್ರಿ ಪೆಟ್ರೋಲು ನಾರುವ ಕೈಗಳನ್ನು ಹಸಿ ಮಣ್ಣಿಗೆ ಉಜ್ಜಿಕೊಂಡ. ಆಮೇಲೆ ಹೇಳಿದ. "ಆಯಿ, ತುಳಸಿ ಹಾಕೋ ಎಣ್ಣಿ ಇದಲ್ಲ. ಇದರ ಉಸಿರು ಕಣ್ಣಿಗಿ ಕಾಣಲ್ಲ. ನೆಲಾ ಹಿಡದು ತೆವಳಕೋತ ಹೋಗಿ ದೀಪಕ್ಕ ಮುಟ್ಟತದ. ಮುಟ್ಟಿದ್ರ ನೀವು ಯಾರೂ ಇರತಿದ್ದಿಲ್ಲ."

ಧೂಳಮ್ಮ ಕೈಯಲ್ಲಿದ್ದ ತುಳಸಿ ದಳವನ್ನು ನೋಡಿದಳು. ಅದನ್ನು ಬಾಯಿಗೆ ಹಾಕಿಕೊಂಡಳು.

ಈಗ ಮುಂದೇನು ಎಂಬ ಮಾತು ಬಂತು. ಪೆಟ್ರೋಲು ಬೇಡವೆಂದರೆ ಸೋಲಾಪುರ ರಸ್ತೆಯ ವಸತಿಗಳಲ್ಲಿ ಕತ್ತಲು, ಪಕ್ಕದಲ್ಲಿ ಲಾರಿಗಳು. ದೀಪ ಬಸವಕಲ್ಯಾಣದಲ್ಲಿ ನನ್ನ ಮನೆಯಲ್ಲೇ ಇರಲಿ ಎಂದು ಕೆಲವರೆಂದರು. ಆಗ ಅವ್ವನ ಹರಕೆ ನಮ್ಮ ಕೈಯಲ್ಲೇ ಮುರಿಯುತ್ತದೆ. ದತ್ತಾತ್ರಿ ಎದ್ದು ಗಾಡಿಯಿಂದ ಕಂದೀಲು ತಂದ. ಗಾಜು ಒರೆಸಿ, ನಿರಂಜನದಿಂದ ಬತ್ತಿ ಹೊತ್ತಿಸಿಕೊಂಡ.

"ಎಣ್ಣಿ ಗಾಡ್ಯಾಗ ಬರ್ಲಿ. ದೀಪ ನನ್ನ ಕೈಯಾಗ. ಖಮರು, ನೀ ನನಗಿಂತ ದೂರ, ಹಿಂದ ಬಾ."

"ಪಂಢರಪುರ ತನಕ? ನೀವು?" ಸುಮನಬಾಯಿ ಬಾಯಿಗೆ ಸೆರಗು ಹಿಡಿದಳು. "ಮೊನ್ನಿ ಅಂಗಡಿಯಿಂದ ಮನಿಗಿ ಬರಾಕ ರಿಕ್ಷಾ ಕೇಳ್ಯಾರ ಇವರು!"

ಖಮರುದ್ದೀನ್ ಹೇಳಿದ: "ಭಾಭಿ, ಭಾಯಿ ಇಳದ್ರ ಗಾಡಿಗಿ ಡೀಸೆಲ್ ಉಳೀತದ ಬಿಡ್ರಿ."

ಅವತ್ತು ನಡೆಯತೊಡಗಿದವನು ನಿಲ್ಲಲಿಲ್ಲ. ಸಂಜೆ ನನ್ನ ಪಕ್ಕ ನಡೆಯುತ್ತ, "ಅಕ್ಕಾ, ನಾ ದೀಪ ಆರಸಾಕ ಕೈ ಎತ್ತಿದ್ದೆ" ಎಂದ.

"ನೋಡೀನಿ. ಅವ್ವ ಇದ್ದಿದ್ರ ನಿನಗಿಂತ ಮೊದಲು ಅಕಿನೇ ಊದತಿದ್ದಳು" ಎಂದೆ.

ಅವನ ಪಾದಗಳು ಬೊಬ್ಬೆ ಬಂದು ಒಡೆದವು. ಉಮರ್ಗಾದಲ್ಲಿ ಸುಮನಬಾಯಿ ಬೇವಿನೆಣ್ಣೆ ಹಚ್ಚಿದಳು. ಮಳೆ ಬಂದರೆ ಕಂದೀಲಿಗೆ ಕೊಡೆ ಹಿಡಿದು ತಾನು ನೆನೆದ. ವಿಠೋಬನ ಮಹಾದ್ವಾರದ ಮುಂದೆ ಕಂದೀಲನ್ನು ಎರಡೂ ಕೈಯಿಂದ ಎತ್ತಿ, "ಅವ್ವಾ, ಬಂತು ನೋಡು" ಎಂದು ಅತ್ತ. ಆಮೇಲೆ ಪ್ರತಿ ವರ್ಷವೂ ಹಾಗೆಯೇ. ಮುಂದೆ ದೀಪ, ನಡುವೆ ಜನ, ಎಲ್ಲರ ಹಿಂದೆ ಗಾಡಿ, ಗಾಡಿಯ ಬೆನ್ನಿಗೆ ಡಬ್ಬಿ. ವಸತಿಗೆ ಬಂದಮೇಲೆ ಕಂದೀಲನ್ನು ನನ್ನ ಕೈಗಿತ್ತು ಜನರೇಟರ್ ಕಡೆಗೆ ಹೋಗುತ್ತಿದ್ದ. ಭಜನೆಯಲ್ಲಿ ನಮ್ಮ ಜೊತೆ ಕುಳಿತವನೇ ಅಲ್ಲ.

ಇದನ್ನೆಲ್ಲ ನೆನೆಯುತ್ತಿದ್ದಂತೆ ಹುಮನಾಬಾದು ಬಂತು. ನಮ್ಮ ತವರಿನ ಓಣಿಯ ಬಾಯಲ್ಲೇ, ಮನೆ ಇನ್ನೂ ದೂರವಿರುವಾಗಲೇ ಖಮರುದ್ದೀನ್ ಗಾಡಿ ನಿಲ್ಲಿಸಿದ.

"ಯಾಕೋ? ನನ್ನ ಮೊಣಕಾಲು ನಿನಗ ಗೊತ್ತಿಲ್ಲೇನು?"

"ಗೊತ್ತದರಿ ಅಕ್ಕಾ. ಮನ್ಯಾಗ ದೀಪ ಅದಾವ. ಹಿಂದ ಡಬ್ಬಿ ತುಂಬೇದ." ಅವನು ಕೀಲಿ ತೆಗೆದು ಕೆಳಗಿಳಿದ. "ಇನ್ನ ಮುಂದ ಒಯ್ದ್ರ ಭಾಯಿ ಎದ್ದು ಬೈತಾರ."

ಅವನ ತೋಳು ಹಿಡಿದು ನಡೆದೆ.

ಒಳಗೆ ನನ್ನ ತಮ್ಮನನ್ನು ಮಲಗಿಸಿದ್ದರು. ತಲೆಯ ಹತ್ತಿರ ಹಣತೆ ಇತ್ತು. ಸುಮನಬಾಯಿ ನನ್ನನ್ನು ಕಂಡು, "ಅಕ್ಕಾ, ಸೂತಕ ಬಂತು. ಅತ್ತಿಯವರ ದೀಪ ಈ ಸಲ ಹ್ಯಾಂಗ?" ಎಂದಳು. ಗಂಡನ ಕಾಲ ಬಳಿ ಕುಳಿತೂ ಅವಳಿಗೆ ಅದೇ ಚಿಂತೆ. ನನಗೂ ದಾರಿಯುದ್ದಕ್ಕೂ ಅದೇ.

ಹೊರಗೆ ಬೇವಿನ ಮರದ ಕೆಳಗಿನಿಂದ ಧೂಳಮ್ಮ ಕರೆದಳು. ದಿಂಡಿಗೆಂದು ಹಿಂದಿನ ದಿನವೇ ಬಂದಿದ್ದಳಂತೆ. ಅವಳ ಮಡಿಲ ಪಕ್ಕದಲ್ಲಿ ಕಂದೀಲು ಉರಿಯುತ್ತಿತ್ತು.

"ಮುಂಜಾನಿ ಅವ ದೇವರ ಮುಂದ ಹಚ್ಚಿದ ದೀಪ ಇನ್ನೂ ಉರೀತಿತ್ತು. ಆರೋದಕಿಂತ ಮೊದಲು ಇದಕ್ಕ ಹೊತ್ತಿಸಿಕೊಂಡೆ. ಸೂತಕ ನಿಮಗ, ನನಗಿಲ್ಲ. ನಾಳಿ ನಾ ಒಯ್ತೀನಿ."

"ಆಯಿ, ಗಾಡಿ..."

"ಗಾಡಿಗಿಂತ ಮುಂದ. ದೂರ. ನನಗೇ ಹೇಳಾಕ ಬರಬ್ಯಾಡ್ರಿ."

ಅವಳ ಪಕ್ಕ ಕುಳಿತೆ. ತಮ್ಮ ಕೊನೆಯದಾಗಿ ಹಚ್ಚಿದ ದೀಪಕ್ಕೆ ಕೈ ಮುಗಿದೆ.

ಪಾಂಡುರಂಗಾ, ಊರ ಜನಕ್ಕೆಲ್ಲ ನಿನ್ನ ಭಜನೆಗೆ ಬೆಳಕು ಮಾಡಿಕೊಟ್ಟು, ತಾನು ಜನರೇಟರಿನ ಸದ್ದಿನ ಆಚೆ ಕತ್ತಲಲ್ಲಿ ನಿಂತು ಕೇಳಿದವನು ಇವತ್ತು ನಿನ್ನ ಹತ್ತಿರ ಬರುತ್ತಿದ್ದಾನೆ. ಇನ್ನು ಅವನು ಕಾಯುವುದು ಏನೂ ಉಳಿದಿಲ್ಲ. ಅವನನ್ನು ಹತ್ತಿರ ಕೂರಿಸಿಕೋ. ನನ್ನ ತಮ್ಮನ ಜೀವಕ್ಕೆ ಶಾಂತಿ ಕೊಡು, ತಂದೆ.