ಹದ್ದಿನ ಮಂಡಿ

ಕಟ್ಟಡದ ಕೆಲಸದವರೆಲ್ಲ ಅವನನ್ನು ಹದ್ದಣ್ಣ ಎಂದೇ ಕರೆಯುತ್ತಿದ್ದರು. ಗೋಪುರದ ಹಾಗೆ ನಿಂತ ಕ್ರೇನಿನ ನೆತ್ತಿಯಲ್ಲಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು ದಿನವಿಡೀ ಕೆಳಗೆ ನೋಡುತ್ತಿದ್ದವನಿಗೆ ಇನ್ನೊಂದು ಹೆಸರು ಹೊಂದುತ್ತಲೂ ಇರಲಿಲ್ಲ. ಕಬ್ಬಿಣದ ಕಂತೆ, ಕಾಂಕ್ರೀಟಿನ ತೊಟ್ಟಿ, ಗಾಜಿನ ಹಲಗೆ ಯಾವುದೇ ಇರಲಿ, ಅವನು ಎತ್ತಿದರೆ ತಾಯಿ ಕೂಸನ್ನು ತೊಟ್ಟಿಲಿಗಿಟ್ಟಷ್ಟು ಮೆತ್ತಗೆ ಇಳಿಯುತ್ತಿತ್ತು. ಮೇಲೆ ಕೂತರೆ ಅವನು ರಾಜ. ಕಷ್ಟವಿದ್ದದ್ದು ಮೇಲೆ ಹೋಗುವುದರಲ್ಲಿ.

ಕ್ರೇನಿನ ಹೊಟ್ಟೆಯೊಳಗೆ ನೆಟ್ಟಗೆ ಏರುವ ಏಣಿ. ನಡುನಡುವೆ ಕಾಲಿಡಲು ಕಬ್ಬಿಣದ ಜಾಲರಿಯ ಚಿಕ್ಕ ಅಟ್ಟಗಳು. ಮೊದಲೆಲ್ಲ ಸೀಟಿ ಹೊಡೆಯುತ್ತ ಹತ್ತುತ್ತಿದ್ದವನು ಈಗ ಒಂದೊಂದು ಅಟ್ಟದಲ್ಲೂ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಲಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿಕೊಳ್ಳುತ್ತಿದ್ದ. ಮಂಡಿ ಮಡಿಸಿದರೆ ಒಳಗೆ ಯಾರೋ ಮರಳು ಹಾಕಿ ಅರೆದ ಹಾಗಾಗುತ್ತಿತ್ತು. ಇಳಿಯುವಾಗಂತೂ ಜೀವವೇ ಬಾಯಿಗೆ ಬರುತ್ತಿತ್ತು.

ಮನೆಯಲ್ಲಿ ಹೆಂಡತಿ ಸುಮ್ಮನೆ ಕೂತಿರಲಿಲ್ಲ. ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಕಾಯಿಸಿ, ಬಿಸಿಬಿಸಿಯಾಗಿ ಮಂಡಿಗೆ ಉಜ್ಜುತ್ತಿದ್ದಳು. ಬಾಣಲೆಯಲ್ಲಿ ಉಪ್ಪು ಹುರಿದು, ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದಳು. ಅಷ್ಟು ಹೊತ್ತು ಹಾಯಾಗಿಯೂ ಇರುತ್ತಿತ್ತು.

"ಹಚ್ಚೋದು ನಾನು ಹಚ್ತೀನಿ. ಆದ್ರೆ ಸಂಜೆ ಎಣ್ಣೆ ಕುಡಿದ ಕಾಲನ್ನ ಬೆಳಿಗ್ಗೆ ಮತ್ತೆ ಏಣಿಗೆ ಕೊಟ್ರೆ ಎಣ್ಣೆ ತಾನೆ ಏನ್ ಮಾಡುತ್ತೆ? ಡಾಕ್ಟ್ರಿಗೆ ತೋರಿಸಿ ಅಂದ್ರೆ ಕಿವೀನೇ ಕೇಳಲ್ಲ ನಿಮಗೆ."

"ತೋರಿಸೋಣ ಇರು. ಈ ಕಟ್ಟಡ ಒಂದು ಮುಗೀಲಿ."

ಡಾಕ್ಟರೆಂದರೆ ಅವನಿಗೆ ಭಯವಿರಲಿಲ್ಲ, ಡಾಕ್ಟರ ಬಾಯಿಂದ ಬರುವ ಮಾತಿನ ಭಯ. ಅವನ ಜೊತೆ ಕೆಲಸ ಕಲಿತ ಒಬ್ಬನಿಗೆ ಕಣ್ಣು ಮಂಜಾಗಿದೆಯೆಂದು ಗೊತ್ತಾದ ಕೂಡಲೆ ಕಂಪನಿಯವರು ಕೆಳಗಿಳಿಸಿ ಉಗ್ರಾಣದಲ್ಲಿ ಕೂರಿಸಿದ್ದರು. ಮೊಳೆ, ಹಗ್ಗ, ಹೆಲ್ಮೆಟ್ಟು ಎತ್ತಿ ಕೊಡುವುದು ಅವನ ಕೆಲಸ. ಆಕಾಶದಲ್ಲಿದ್ದವನು ಕತ್ತಲೆ ಕೋಣೆಯಲ್ಲಿ ಹಲ್ಲಿಯ ಹಾಗೆ ಗೋಡೆಗಂಟಿ ಕೂತದ್ದನ್ನು ನೋಡಿ ಬಂದ ದಿನ ಹದ್ದಣ್ಣನಿಗೆ ಊಟ ಸೇರಿರಲಿಲ್ಲ.

ಹಾಗಾಗಿ ಅವನು ದಾರಿಯಲ್ಲಿದ್ದ ಔಷಧಿ ಅಂಗಡಿಗೆ ಹೋದ. ಅಂಗಡಿಯಾಕೆ ಒಂದು ಮುಲಾಮು, ಒಂದು ಪಟ್ಟಿ ಬಿಳಿ ಮಾತ್ರೆ ಕೊಟ್ಟು ಬಿಡಿಸಿ ಹೇಳಿದಳು. "ಊಟ ಆದ್ಮೇಲೇ ತಗೋಬೇಕು. ಖಾಲಿ ಹೊಟ್ಟೇಲಿ ಬೇಡ. ನಾಲ್ಕೈದು ದಿನಕ್ಕೂ ಕಡಿಮೆ ಆಗ್ಲಿಲ್ಲ ಅಂದ್ರೆ ನುಂಗ್ತಾ ಕೂರ್ಬೇಡಿ, ಡಾಕ್ಟ್ರನ್ನ ನೋಡಿ."

ಅವನು ತಲೆಯಾಡಿಸಿದ. ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯಲಿಲ್ಲ.

ಮೊದಮೊದಲು ಮಾತ್ರೆ ಮಾಯ ಮಾಡಿತು. ನುಂಗಿದ ಸ್ವಲ್ಪ ಹೊತ್ತಿಗೆ ಮಂಡಿ ತನ್ನದಲ್ಲವೆನ್ನುವಷ್ಟು ಹಗುರ. ಆದರೆ ಮಧ್ಯಾಹ್ನ ಊಟಕ್ಕೆ ಇಳಿದರೆ ಮತ್ತೆ ಹತ್ತಬೇಕು. ಅವನು ಇಳಿಯುವುದನ್ನೇ ಬಿಟ್ಟ. ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಮೇಲೆ ಒಯ್ದರೂ ಎರಡು ತುತ್ತಿಗಿಂತ ಹೆಚ್ಚು ಸೇರುತ್ತಿರಲಿಲ್ಲ. ನೀರು ಕುಡಿದರೆ ಇಳಿಯಬೇಕಾದೀತೆಂದು ಅದನ್ನೂ ಕಡಿಮೆ ಮಾಡಿದ. ಮಾತ್ರೆಯನ್ನು ಮಾತ್ರ ಮರೆಯಲಿಲ್ಲ. ಬರಬರುತ್ತ ಅದೂ ಮೊಂಡಾಯಿತು.

ಆಗ ಅವನು ವಿಷಯವನ್ನು ತನ್ನ ಭಾವಮೈದನ ಕಿವಿಗೆ ಹಾಕಿದ. ಹೆಂಡತಿಯ ತಮ್ಮ ಅದೇ ಕಟ್ಟಡದಲ್ಲಿ ಕೆಳಗೆ ನಿಂತು, ವಾಕಿಟಾಕಿಯಲ್ಲಿ ಕ್ರೇನಿಗೆ ದಾರಿ ಹೇಳುವ ಕೆಲಸದವನು. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಪೀಪಿ. ಭಾವನೆಂದರೆ ಅವನಿಗೆ ಪ್ರಾಣ. ಮಾರನೆಯ ದಿನವೇ ಬೇರೆ ಅಂಗಡಿಯಿಂದ ಕೆಂಪು ಮಾತ್ರೆಯ ಪಟ್ಟಿ ತಂದುಕೊಟ್ಟ.

"ಬಿಳೀದು ಸೋತ್ರೆ ಕೆಂಪು ಗೆಲ್ಲುತ್ತೆ ಭಾವ. ನನ್ನ ಸ್ನೇಹಿತನ ಸೊಂಟ ಇದ್ರಲ್ಲೇ ನೆಟ್ಟಗಾಗಿದ್ದು. ಅಕ್ಕಂಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಇಬ್ಬರ ಚರ್ಮಾನೂ ಸುಲಿದು ಚಪ್ಪಲಿ ಹೊಲಿಸ್ತಾಳೆ."

"ಒಂದು ಜೊತೆಗೆ ನಿನ್ನ ಚರ್ಮವೇ ಸಾಕು, ಬಿಡು."

ಹದ್ದಣ್ಣ ಬಿಳಿಯದನ್ನು ಬಿಡಲಿಲ್ಲ, ಕೆಂಪನ್ನೂ ಸೇರಿಸಿಕೊಂಡ. ನೋವು ತಲೆ ತಗ್ಗಿಸಿತು. ಆದರೆ ಎದೆಗೂಡಿನ ಕೆಳಗೆ ಕೆಂಡವಿಟ್ಟ ಹಾಗೆ ಉರಿ ಶುರುವಾಯಿತು. ಅದಕ್ಕೊಂದು ಹುಳಿತೇಗಿನ ಪುಡಿ ತಂದು ನೀರಿಗೆ ಕದಡಿ ಕುಡಿದ. ಬೆಳಿಗ್ಗೆ ಬಯಲಿಗೆ ಹೋದಾಗ ಮಲ ಡಾಂಬರಿನಷ್ಟು ಕಪ್ಪಾಗಿ ಹೋಗುತ್ತಿತ್ತು. ಏನೋ ತಿಂದದ್ದು ಇರಬೇಕೆಂದು ತನಗೆ ತಾನೇ ಹೇಳಿಕೊಂಡ.

"ಮುಖ ಯಾಕ್ರೀ ಸುಣ್ಣ ಬಳಿದ ಹಾಗಿದೆ?" ಎಂದು ಹೆಂಡತಿ ಬಾಗಿಲಲ್ಲಿ ತಡೆದು ಕೇಳಿದಳು.

"ಸುಣ್ಣ ಸಿಮೆಂಟಿನ ಕೆಲಸ ಮಾಡೋನ ಮುಖ ಇನ್ಯಾವ ಬಣ್ಣ ಇರುತ್ತೆ?" ಎಂದು ಅವನು ಹೊರಟುಬಿಟ್ಟ.

ಅವತ್ತು ಸಿದ್ಧ ಕಾಂಕ್ರೀಟಿನ ಮೆಟ್ಟಿಲುಗಳನ್ನು ಕೂರಿಸುವ ದಿನ. ಕಾರ್ಖಾನೆಯಲ್ಲೇ ಎರಕ ಹೊಯ್ದು ತಂದ, ಆನೆಯಷ್ಟು ಭಾರದ ಇಡೀ ಮೆಟ್ಟಿಲ ಸಾಲನ್ನು ಎತ್ತಿ, ಕಟ್ಟಡದ ನಡುವಿನ ಇಕ್ಕಟ್ಟಾದ ಬಾವಿಯಂಥ ಜಾಗದೊಳಕ್ಕೆ ಇಳಿಸಬೇಕು. ಬಾವಿಯೊಳಗೆ ನಿಂತ ಇಬ್ಬರು ಕೆಲಸಗಾರರು ಅದನ್ನು ಕೈಯಲ್ಲಿ ಹಿಡಿದು ಸರಿಯಾದ ಜಾಗಕ್ಕೆ ತಿರುಗಿಸಬೇಕು. ಮೇಲಿನವನಿಗೆ ಬಾವಿಯ ಒಳಗು ಕಾಣುವುದಿಲ್ಲ. ಪೀಪಿಯ ಮಾತೇ ಅವನ ಕಣ್ಣು.

"ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ ಅಂತಿದಾರೆ. ಅಷ್ಟರೊಳಗೆ ಮುಗಿಸ್ಬೇಕು ಹದ್ದಣ್ಣ," ಎಂದರು ಎಂಜಿನಿಯರ್ ಮೇಡಂ.

ಏಣಿ ಹತ್ತುವಾಗ ಅವತ್ತು ಮಂಡಿಗಿಂತ ಉಸಿರೇ ಹೆಚ್ಚು ಕಾಡಿತು. ಕಿವಿಯೊಳಗೆ ಗುಂಯ್ ಎನ್ನುವ ಸದ್ದು. ಕ್ಯಾಬಿನ್ ಸೇರಿದವನೇ ಬಿಳಿಯದೊಂದು, ಕೆಂಪಿನದೊಂದು ನುಂಗಿ, ಸನ್ನೆಕೋಲುಗಳ ಮೇಲೆ ಕೈಯಿಟ್ಟ. ಮೊದಲ ಸಾಲು ಸರಿಯಾಗಿ ಕೂತಿತು. ಎರಡನೆಯದನ್ನು ಎತ್ತಿ ಬಾವಿಯ ಮೇಲೆ ತಂದು ಇಳಿಸತೊಡಗಿದ.

"ಇಳೀಲಿ ಭಾವ, ಇಳೀಲಿ. ಮೆಲ್ಲಗೆ. ಕೈಗೆ ಸಿಕ್ತು ಅವರಿಗೆ. ಇನ್ನೊಂಚೂರು."

ಆಗಲೇ ಗಾಜಿನಾಚೆಯ ಲೋಕದ ಅಂಚುಗಳು ಕಪ್ಪಾದವು. ಮೈ ತಣ್ಣಗೆ ಬೆವರಿ ಅಂಗಿ ಬೆನ್ನಿಗೆ ಅಂಟಿತು. ಕೈಬಿಟ್ಟರೆ ಕ್ರೇನು ತಾನಾಗಿ ನಿಲ್ಲುತ್ತದೆ, ಅದು ಅವನಿಗೆ ಗೊತ್ತು. ಆದರೆ ಗಕ್ಕನೆ ನಿಂತ ಭಾರ ತೂಗಾಡುತ್ತದೆ. ಇಕ್ಕಟ್ಟಿನ ಗೋಡೆಗೂ ತೂಗುವ ಕಾಂಕ್ರೀಟಿಗೂ ನಡುವೆ ಸಿಕ್ಕ ಮನುಷ್ಯ ಉಳಿಯುವುದಿಲ್ಲ.

ಏನೂ ಹೇಳದೆ ಇಳಿಸಿ ಮುಗಿಸಿಬಿಡೋಣ, ಇನ್ನೆಷ್ಟು ಹೊತ್ತು, ಎಂದಿತು ಮನಸ್ಸು. ಹೇಳಿದರೆ ಎಲ್ಲವೂ ಮುಗಿಯಿತು. ವಾಕಿಟಾಕಿಯಲ್ಲಿ ಆಡಿದ್ದು ಇಡೀ ಕಟ್ಟಡಕ್ಕೆ ಕೇಳುತ್ತದೆ, ಮೇಡಂಗೂ ಕೇಳುತ್ತದೆ. ಅಷ್ಟರಲ್ಲಿ ಬಾವಿಯೊಳಗಿನವನೊಬ್ಬ ಯಾವುದಕ್ಕೋ ನಕ್ಕದ್ದು ಪೀಪಿಯ ವಾಕಿಟಾಕಿಯೊಳಗಿಂದ ತೇಲಿ ಬಂತು. ತಲೆಯ ಮೇಲೆ ಆನೆ ತೂಗುತ್ತಿರುವಾಗ ಒಬ್ಬ ಮನುಷ್ಯ ನಗುತ್ತಿದ್ದಾನೆಂದರೆ, ಮೇಲಿನವನ ಮೇಲೆ ಅವನಿಗೆ ಅಷ್ಟು ಭರವಸೆ.

ಹದ್ದಣ್ಣ ಸನ್ನೆಕೋಲನ್ನು ಉಸಿರು ಬಿಟ್ಟಷ್ಟು ಮೆಲ್ಲಗೆ ತಟಸ್ಥಕ್ಕೆ ತಂದ. ವಾಕಿಟಾಕಿಯ ಗುಂಡಿ ಒತ್ತಿದ.

"ಪೀಪಿ, ಒಳಗಿರೋರನ್ನ ಈಚೆ ಕರೆಸು."

"ಯಾಕ್ ಭಾವ? ಇನ್ನೊಂದು ಗೇಣು ಅಷ್ಟೆ—"

"ಈಚೆ ಕರೆಸು ಅಂದೆ. ನನಗೆ ಕಣ್ಣು ಕತ್ತಲೆ ಬರ್ತಿದೆ."

ಕೆಳಗಿನಿಂದ ಸೀಟಿ ಕೇಳಿತು, ಉದ್ದಕ್ಕೆ, ಎಡೆಬಿಡದೆ. ಬಾವಿಯೊಳಗಿನವರು ಏಣಿಯಿಟ್ಟು ಮೇಲೆ ಬರುವವರೆಗೆ ಹದ್ದಣ್ಣ ಕೆಳತುಟಿ ಕಚ್ಚಿಕೊಂಡು ಕೂತ. ತುಟಿಯ ನೋವೊಂದೇ ಅವನನ್ನು ಎಚ್ಚರವಾಗಿಟ್ಟಿತ್ತು.

"ಇಬ್ಬರೂ ಬಂದ್ರು ಭಾವ. ಸುತ್ತ ಯಾರೂ ಇಲ್ಲ. ನೀವೀಗ ಅದನ್ನ ಮೇಲೆತ್ತಿ ಹಿತ್ತಲ ಕಡೆ ಬಯಲಿಗೆ ಇಡ್ತೀರಿ. ನಾನ್ ಹೇಳಿದ ಹಾಗೆ ಮಾಡಿ ಅಷ್ಟೆ. ಎತ್ತಿ. ಇನ್ನೂ. ಸಾಕು. ಈಗ ಬಲಕ್ಕೆ."

ಅವನಿಗೆ ಬಯಲು ಕಾಣುತ್ತಿರಲಿಲ್ಲ. ಒಂದು ಬೂದು ಬಣ್ಣದ ತೇಪೆ, ಅದರ ಮೇಲೆ ಏನೋ ಅಲುಗಾಡುತ್ತಿದೆ, ಅಷ್ಟೆ. ಕಿವಿಯನ್ನೇ ನಂಬಿಕೊಂಡು ಹೋದ. ಬಲಕ್ಕೆ ಎಂದರೆ ಬಲಕ್ಕೆ, ನಿಲ್ಲಿ ಎಂದರೆ ನಿಂತ. ಪೀಪಿಯ ದನಿ ನಡುಗುತ್ತಿತ್ತು, ಆದರೆ ಮಾತು ತಪ್ಪಲಿಲ್ಲ. ಕೊನೆಗೆ ಹಗ್ಗ ಸಡಿಲವಾದ ಅನುಭವ ಕೈಗೆ ಬಂತು.

"ಕೂತ್ಕೊಳ್ತು ಭಾವ. ಕೈಬಿಡಿ."

ಕೈಬಿಟ್ಟ. ಮುಂದಕ್ಕೆ ಬಾಗಿ ವಾಂತಿ ಮಾಡಿಕೊಂಡ. ಕಾಫಿಗಸಿಯಂಥ ಕಪ್ಪು ವಾಂತಿ.

ಕಣ್ಣು ಬಿಟ್ಟಾಗ ಪೀಪಿ ಕ್ಯಾಬಿನ್ನಿನ ಬಾಗಿಲಲ್ಲಿದ್ದ. ಹಿಂದೆ ಹಗ್ಗ, ಸೊಂಟಪಟ್ಟಿ ಹಿಡಿದ ಇನ್ನಿಬ್ಬರು. ನೆಲದ ಮೇಲಿದ್ದದ್ದನ್ನು ನೋಡಿ ಪೀಪಿಯ ಮುಖ ಅವನಿಗಿಂತ ಹೆಚ್ಚು ಬಿಳಿಚಿತು. ಸೊಂಟಕ್ಕೆ, ತೊಡೆಗೆ ಪಟ್ಟಿ ಬಿಗಿದು, ಹಗ್ಗದ ತುದಿಯನ್ನು ಮೇಲಿನವರ ಕೈಗೆ ಕೊಟ್ಟು, ತಾನು ಏಣಿಯಲ್ಲಿ ಒಂದಾಳೆತ್ತರ ಕೆಳಗೆ ನಿಂತ.

"ಕಾಲು ನನ್ನ ಹೆಗಲ ಮೇಲಿಡಿ."

"ನಿನ್ನ ಮೇಲೆ ಕಾಲಿಡೋದಾ?"

"ನನ್ನ ತಲೆ ಮೇಲೆ ಬೇಕಾದ್ರೂ ಇಡಿ. ಕೆಳಗೆ ಆಂಬುಲೆನ್ಸ್ ಬಂದು ನಿಂತಿದೆ."

ಹಾಗೆ ಇಳಿದರು. ಮೇಲಿನವರು ಹಗ್ಗವನ್ನು ಇಷ್ಟಿಷ್ಟೇ ಬಿಡುತ್ತ, ಕೆಳಗಿನವನು ಹೆಗಲು ಕೊಡುತ್ತ. ಪ್ರತಿ ಅಟ್ಟದಲ್ಲೂ ಹದ್ದಣ್ಣನನ್ನು ಕೂರಿಸಿ ಕೆನ್ನೆ ತಟ್ಟಿ ಮಾತಾಡಿಸುತ್ತಿದ್ದರು. ಒಂದು ಕಡೆ ಅವನ ಕೈ ಸೋತು ಕಂಬಿಯಿಂದ ಜಾರಿತು. ಹಗ್ಗ ಸೆಳೆದು ಬಿಗಿಯಿತು, ಇಡೀ ಮೈಯ ಭಾರ ಪೀಪಿಯ ಕುತ್ತಿಗೆಯ ಮೇಲೆ ಬಿತ್ತು. ಪೀಪಿ ಕಂಬಿಯನ್ನು ಬಿಗಿಯಾಗಿ ಹಿಡಿದು ಹಾಗೇ ನಿಂತ. ನೆಲ ಮುಟ್ಟಿದ್ದು ಹದ್ದಣ್ಣನಿಗೆ ನೆನಪಿಲ್ಲ.

ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ನಳಿಕೆ ಇಳಿಸಿ ಸೋರಿಕೆ ನಿಲ್ಲಿಸಿದರು, ಬೇರೆಯವರ ರಕ್ತ ಏರಿಸಿದರು. ಎರಡು ದಿನ ಅವನ ಹೆಂಡತಿ ವಾರ್ಡಿನ ಬಾಗಿಲಲ್ಲಿ ಕಂಬವಾಗಿ ನಿಂತಿದ್ದಳು. ಅಂಗಿಯ ಜೇಬಿನಲ್ಲಿ ಸಿಕ್ಕ ಎರಡೂ ಪಟ್ಟಿಗಳನ್ನು ಡಾಕ್ಟರು ಅವಳ ಮುಂದೆ ಹಿಡಿದರು.

"ಬಣ್ಣ ಬೇರೆ, ಕಂಪನಿ ಬೇರೆ. ಒಳಗಿರೋ ಔಷಧಿ ಒಂದೇ ಅಮ್ಮ. ಅದನ್ನೇ ಎರಡು ಸಲ ನುಂಗಿದಾರೆ, ಅದೂ ಖಾಲಿ ಹೊಟ್ಟೇಲಿ. ಇನ್ನು ಸ್ವಲ್ಪ ತಡವಾಗಿದ್ರೆ ನಮ್ಮ ಕೈಲೂ ಏನೂ ಆಗ್ತಿರ್ಲಿಲ್ಲ."

"ನಾನ್ ಬೆಳ್ಳುಳ್ಳಿ ಎಣ್ಣೆ ಹಚ್ತಿದ್ದೆ ಡಾಕ್ಟ್ರೆ. ಅದರಿಂದೇನಾದ್ರೂ..."

"ಅದರಿಂದ ಏನೂ ಆಗಿಲ್ಲ. ಶಾಖ ಕೊಡಿ, ಒಳ್ಳೇದೇ. ಆದ್ರೆ ಮಂಡಿ ಸವೆದಿದೆ. ವ್ಯಾಯಾಮ ಹೇಳ್ಕೊಡ್ತೀವಿ, ತೂಕ ಇಳಿಸ್ಬೇಕು. ಏಣಿ ಬೇಡ."

ಕೆಂಪು ಮಾತ್ರೆ ಯಾರು ತಂದದ್ದೆಂದು ಪೀಪಿ ತಾನೇ ಒಪ್ಪಿಕೊಂಡ. ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ," ಎಂದಷ್ಟೇ ಹೇಳಿ ಮುಖ ತಿರುಗಿಸಿದಳು. ಅವತ್ತಿನಿಂದ ಪೀಪಿ ಆಸ್ಪತ್ರೆಯ ಕಡೆಗೂ ಬರಲಿಲ್ಲ, ಮನೆಯ ಕಡೆಗೂ ಬರಲಿಲ್ಲ.

ಮೇಡಂ ಬಂದು ಹಾಸಿಗೆಯ ಪಕ್ಕದಲ್ಲಿ ಕೂತರು. "ಮುಂಚೆನೇ ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಇಳಿಸ್ತಿದ್ರಿ."

"ಇಳಿಸ್ತಿದ್ದೆ," ಎಂದರು ಅವರು, ಮುಚ್ಚುಮರೆಯಿಲ್ಲದೆ. "ಸಾಮಾನಿಳಿಸೋ ಅಂಗಳದಲ್ಲಿ ಗಾಲಿ ಕ್ರೇನ್ ಇದೆ. ಹತ್ತೋಕೆ ಎರಡೇ ಮೆಟ್ಟಿಲು. ವಾಸಿಯಾಗಿ ಬಂದ್ರೆ ಅದು ನಿಮಗೆ."

ಮೊದಲಾಗಿದ್ದರೆ ಅವನಿಗೆ ಅವಮಾನವಾಗುತ್ತಿತ್ತು. ಬಾವಿಯೊಳಗಿನ ನಗು ನೆನಪಾಗಿ, "ಆಗಲಿ ಮೇಡಂ," ಎಂದ. ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಮನೆಗೆ ಬಂದು, ಕೋಲೂರಿ ಬೀದಿಯಲ್ಲಿ ಓಡಾಡುವಷ್ಟಾದಾಗ, ಒಂದು ಭಾನುವಾರ ಅವನು ಯಾರಿಗೂ ಹೇಳದೆ ಪೀಪಿಯ ಮನೆಗೆ ಹೊರಟ. ಪೀಪಿ ಇದ್ದದ್ದು ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಕಡಿದಾದ, ಕಂಬಿಯಿಲ್ಲದ ಮೆಟ್ಟಿಲು. ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಮಂಡಿ ಕಿರುಚಿದ್ದಕ್ಕೆ ತೆಗೆದ. ಮಾತ್ರೆಯ ಕಾಲದಲ್ಲಿ ಹಲ್ಲುಕಚ್ಚಿ ಹತ್ತಿಬಿಡುತ್ತಿದ್ದ. ಬೀದಿಯ ನಡುವೆ ನಿಂತು ಕೂಗಿದ.

ಕಿಟಕಿ ತೆರೆಯಿತು. ಪೀಪಿ ತಲೆ ಹೊರಹಾಕಿದ.

"ಕೇಳಿದ್ದು ನಾನು, ತಂದಿದ್ದು ನೀನು. ನುಂಗಿದ್ದು ಮತ್ತೆ ನಾನೇ," ಎಂದ ಹದ್ದಣ್ಣ. "ನಿಮ್ಮಕ್ಕಂಗೂ ಅದನ್ನೇ ಹೇಳಿದೀನಿ."

"ಭಾವ, ನಾನು ನಿಮ್ಮನ್ನ..." ಪೀಪಿ ತೋಳಿನಿಂದ ಕಣ್ಣೊರೆಸಿಕೊಂಡ.

ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ತಲೆಯೆತ್ತಿ ನೋಡತೊಡಗಿದ.

"ಬೀದೀಲಿ ನಿಲ್ಲಿಸಿ ಅಳಿಸ್ಬೇಡ. ಮನೇಲಿ ನಿಮ್ಮಕ್ಕ ಅಡಿಗೆಗಿಟ್ಟಿದಾಳೆ. ಅಕ್ಕಿ ಜಾಸ್ತಿ ಹಾಕಿದ್ದು ನೋಡಿದೆ, ಯಾರಿಗೆ ಅಂತ ಕೇಳಿದ್ರೆ ಗದರಿಸಿದ್ಲು. ನನ್ನ ಕೈಲಿ ಈ ಮೆಟ್ಟಿಲು ಹತ್ತೋಕಾಗಲ್ಲ ಪೀಪಿ. ಮಂಡಿ ಬಹಳ ನೋಯ್ತಿದೆ. ನೀನೇ ಇಳಿದು ಬಾ."

ಕಿಟಕಿ ಮುಚ್ಚಿತು. ಒಳಗೆ ಚಪ್ಪಲಿ ಹುಡುಕುವ ಸದ್ದಾಯಿತು.