ನೀರಲ್ರಿ, ಅಕ್ಕೋರ

ನನ್ನ ತರಗತಿಯಲ್ಲಿ ಇಪ್ಪತ್ತೆರಡು ವರ್ಷ ಒಂದು ಶಬ್ದಕ್ಕೆ ಪ್ರವೇಶವಿರಲಿಲ್ಲ.

ಧಾರವಾಡದಿಂದ ದಿನಾ ಬಸ್ಸು ಹಿಡಿದು ಮುಗದದ ಶಾಲೆಗೆ ಹೋಗುವ ಶಿಕ್ಷಕಿ ನಾನು. ಹೆಸರು ಶಿವಬಸವ್ವ. ಊರಿನವರಿಗೂ ಮಕ್ಕಳಿಗೂ ಬರೀ ಅಕ್ಕೋರು. ಮೂರನೆಯ ತರಗತಿಯ ಕೂಸೊಂದು ಎದ್ದು ನಿಂತು "ಅಕ್ಕೋರ, ಉಚ್ಚಿ ಬಂದೈತ್ರಿ" ಅಂದರೆ ಸಾಕು, ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಏನಂದಿ? ಮತ್ತೊಮ್ಮೆ ಹೇಳು. ಒಂದಕ್ಕ ಹೋಗಿ ಬರ್ತೇನ್ರಿ, ಅನ್ನು." ಕೂಸು ಕಾಲಿಗೆ ಕಾಲು ಒತ್ತಿಕೊಂಡು, ಮುಖ ಕಿವುಚಿಕೊಂಡು, ಹಾಗೇ ಹೇಳಿದ ಮೇಲೆಯೇ ಬಾಗಿಲು ಬಿಡುತ್ತಿದ್ದೆ. ಹೇಳುವಷ್ಟರಲ್ಲಿ ಕೆಲಸ ಕೆಟ್ಟದ್ದೂ ಉಂಟು. ಆಗಲೂ ಬೈಸಿಕೊಂಡದ್ದು ಕೂಸೇ. ಧಾರವಾಡದವಳು, ನನ್ನ ಮಾತು ಶುದ್ಧ ಎಂಬ ಸೊಕ್ಕು ನನಗೆ ಬಹಳ ಇತ್ತು. ಅದಕ್ಕೆ ಎಂಥ ಬೆಲೆ ತೆತ್ತೆ ಎಂಬುದನ್ನೇ ಈಗ ಹೇಳುತ್ತಿದ್ದೇನೆ.

ಹೋದ ಬೇಸಿಗೆ ರಜೆಯಲ್ಲಿ ನನ್ನ ಗರ್ಭಚೀಲ ತೆಗೆದರು. ಎರಡು ವರ್ಷದಿಂದ ಗಡ್ಡೆಗಳಿದ್ದವು, ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗಿ ಮೈಯಲ್ಲಿ ಕಸುವೇ ಉಳಿದಿರಲಿಲ್ಲ. ನಮ್ಮ ಯಜಮಾನರು ಗುರುಪಾದ, ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಲೇಥ್ ಮಶೀನು ನಡೆಸುವವರು, "ತಗಿಸಿಬಿಡು, ಎಷ್ಟಂತ ಸೊರಗ್ತಿ?" ಎಂದು ಬೆನ್ನು ಬಿದ್ದಿದ್ದರು. ಆಪರೇಷನ್ ಆಯಿತು, ಮನೆಗೆ ಬಂದೆ, ಎಲ್ಲ ಸರಿ ಇತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ಸೀರೆ ಬದಲಿಸಿದೆ. ಚಹಾ ಕುಡಿಯುವಷ್ಟರಲ್ಲಿ ಅದೂ ಒದ್ದೆ. ಅವತ್ತು ಶುರುವಾದದ್ದು ನಿಲ್ಲಲೇ ಇಲ್ಲ. ಕೂತರೆ, ನಿಂತರೆ, ಮಲಗಿದರೆ, ನನ್ನನ್ನು ಕೇಳದೆ ಸೋರುತ್ತಿತ್ತು.

ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋದೆ. ಅವರು ಗಂಡಸರು, ವಯಸ್ಸಾದವರು. ಎದುರಿಗೆ ಕೂತು, ಸೆರಗು ಸರಿಮಾಡಿಕೊಂಡು, ನನ್ನ ಶುದ್ಧವಾದ ಮಾತಿನಲ್ಲಿ ಹೇಳಿದೆ, "ಸ್ವಲ್ಪ ನೀರು ಹೋಗ್ತದ್ರಿ." ಅವರು ತಲೆಯಾಡಿಸಿ, ಒಂದಿಷ್ಟು ದಿನ ಹೋಗುತ್ತದೆ, ಹೆದರಬೇಡಿ ಎಂದು ಗುಳಿಗೆ ಬರೆದುಕೊಟ್ಟರು. ಮತ್ತೆ ಹೋದೆ, ಮತ್ತೆ ಅದೇ ಮಾತು ಹೇಳಿದೆ, ಗುಳಿಗೆ ಬದಲಾಯಿತು. "ಸ್ವಲ್ಪ" ಅನ್ನುವುದನ್ನೂ ನಾನು ಬಿಡಲಿಲ್ಲ ನೋಡಿ! ಮೂರನೆಯ ಸಲ ಹೋಗಲಿಲ್ಲ.

ಹಳೆಯ ನೂಲಿನ ಸೀರೆಗಳನ್ನೆಲ್ಲ ಹರಿದು, ಕಟ್ಟಿಕೊಳ್ಳಲು ಮಡಿಕೆ ಮಾಡಿದೆ. ಸೋರುವುದು ಕಡಿಮೆಯಾಗಲಿ ಎಂದು ನೀರು ಕುಡಿಯುವುದನ್ನೇ ಬಿಟ್ಟೆ. ಅದರಿಂದ ತೊಡೆಯ ಸಂದಿಯೆಲ್ಲ ಸುಟ್ಟಂತೆ ಉರಿದು ವಾಸನೆ ಇನ್ನೂ ಹೆಚ್ಚಾಯಿತು. ಯಜಮಾನರನ್ನು ಹೊರಗಿನ ಕೋಣೆಗೆ ಕಳಿಸಿ, ನಾನು ಬಚ್ಚಲಿನ ಪಕ್ಕ ಚಾಪೆ ಹಾಸಿಕೊಂಡೆ. ಯಾಕೆಂದು ಹೇಳಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂಡುತ್ತಿದ್ದವಳು ಲಿಂಗ ತೆಗೆದು ಗೋಡೆಯ ಮಾಡದಲ್ಲಿಟ್ಟೆ. ಲಿಂಗವಂತರಿಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಮಕ್ಕಳಿಗೆ ವರ್ಷವರ್ಷ ಪಾಠ ಮಾಡಿದವಳು ನಾನೇ.

ಶಾಲೆ ಶುರುವಾಯಿತು. ನಾನು ರಜೆ ಹಾಕಿದೆ. ರಜೆ ಮುಗಿಯಿತು, ಮತ್ತೆ ಹಾಕಿದೆ. ಹೇಗೆ ಹೋಗಲಿ? ಬಸ್ಸಿನ ಸೀಟಿನ ಮೇಲೆ ಹೇಗೆ ಕೂಡಲಿ? ನಲವತ್ತು ಮಕ್ಕಳ ಮುಂದೆ ಹೇಗೆ ನಿಲ್ಲಲಿ? ಪಾಠ ಮಾಡುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಬೇಕಾಗಿಯೂ ಇರಲಿಲ್ಲ. ಶ್ರಾವಣದ ಒಂದು ಶನಿವಾರ ಕೂತು, ಸ್ವಂತ ಇಚ್ಛೆಯಿಂದ ನಿವೃತ್ತಿ ಬಯಸುತ್ತೇನೆ ಎಂದು ಅರ್ಜಿ ಬರೆದೆ. ಕಾರಣ: ಅನಾರೋಗ್ಯದ ನಿಮಿತ್ತ. ಅಕ್ಷರ ಮುತ್ತಿನಂತಿದ್ದವು. ಸೋಮವಾರ ಯಜಮಾನರು ಅದನ್ನು ಕಚೇರಿಗೆ ಕೊಟ್ಟು ಬರುವುದು ಎಂದು ಠರಾಯಿಸಿದೆ.

ನಡುವೆ ಆದಿತ್ಯವಾರ ಬಂತು, ಲಾಲಬಿ ಬಂದಳು.

ಲಾಲಬಿ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ನನಗಿಂತ ನೂರು ಪಾಲು ದೊಡ್ಡದು. ಆಕೆಯ ಮಾತನ್ನೂ ನಾನು ತಿದ್ದಲು ಹೋಗಿ ಸೋತಿದ್ದೆ. ಚೀಲದ ತುಂಬ ಬದನೆಕಾಯಿ ತಂದಿದ್ದಳು. ಒಳಗೆ ಕಾಲಿಟ್ಟವಳೇ ಮೂಗು ಮೇಲೆತ್ತಿದಳು.

"ಮನ್ಯಾಗ ಏನ್ ಪೂಜಾ ಐತ್ರಿ ಅಕ್ಕೋರ? ಇಷ್ಟ ಊದಿನಕಡ್ಡಿ ಹಚ್ಚೀರಿ?"

"ಏನಿಲ್ಲ. ಸುಮ್ನ."

"ಸುಮ್ನ ಯಾರ ಹಚ್ತಾರ್ರಿ ಒಂದ ಕಟ್ಟು?" ಎನ್ನುತ್ತ ನನ್ನ ಪಕ್ಕಕ್ಕೇ ಬಂದು ಕೂತಳು. ನಾನು ಹಿಂದೆ ಸರಿದೆ. ಆಕೆಯೂ ಸರಿದಳು. ಗೋಡೆ ಬಂತು. "ಏನಾಗೈತಿ ಹೇಳ್ರಿ. ಸಾಲ್ಯಾಗ ಹುಡುಗ್ರು ದಿನಾ ಕೇಳ್ತಾವ, ನಮ್ಮ ಅಕ್ಕೋರ ಯಾವಾಗ ಬರ್ತಾರಂತ. ನಾ ಏನ್ ಹೇಳ್ಲಿ?"

"ನೀರು ಹೋಗ್ತದ ಲಾಲಬಿ. ನಿಲ್ಲವಲ್ದು."

"ಎಂಥಾ ನೀರು?"

"ನೀರು ಅಂದ್ರ ನೀರು!"

ಲಾಲಬಿ ನನ್ನ ಮುಖ ನೋಡಿದಳು. ಬಚ್ಚಲ ಬಾಗಿಲಿನಿಂದ ಹಿತ್ತಲವರೆಗೆ ಹರವಿದ್ದ ಅರಿವೆಗಳನ್ನು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು, "ನೀರಲ್ರಿ, ಅಕ್ಕೋರ. ಅದು ಉಚ್ಚಿ."

"ಬಾಯಿ ಮುಚ್ಚು!" ಎಂದು ಚೀರಿದೆ. ಆಕೆ ಬಾಯಿ ಮುಚ್ಚುವ ಪೈಕಿಯೇ ಅಲ್ಲ.

"ಬೈರಿ. ಎಷ್ಟ ಬೇಕಾದಷ್ಟ ಬೈರಿ. ನಮ್ಮ ತಂಗಿ ಖಾತುನಬಿಗೂ ಹಿಂಗ ಆಗಿತ್ತು, ಬಾಣಂತನದಾಗ. ಒಂದ ವರ್ಷ ದನದ ಕೊಟ್ಟಿಗ್ಯಾಗ ಬಿದ್ದಿತ್ರಿ ಅದು. ಒಳಗ ತೂತ ಬಿದ್ದಿತ್ತು. ಹುಬ್ಬಳ್ಳ್ಯಾಗ ಹೊಲಿದ್ರು. ಈಗ ಬಜಾರದಾಗ ಬಳಿ ಮಾರ್ತಾಳ, ಸಂಜೀತನಾ ಕುಂತ ಜಾಗಾ ಬಿಟ್ಟ ಏಳೂದಿಲ್ಲ. ಖರೇ ಹೇಳಾಕತ್ತೇನಿ." ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. "ಡಾಕ್ಟರಗ ಏನಂತ ಹೇಳೀರಿ?"

"ನೀರು ಹೋಗ್ತದ ಅಂತ."

ಲಾಲಬಿ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನಮ್ಮವ್ವ! ನೀರ ಹೋಗ್ತಾವ ಅಂದ್ರ ಅವ್ರು ಬಿಳಿ ಹೋಗ್ತೈತಿ ಅಂತ ತಿಳ್ಕೊಂಡಾರ್ರಿ! ಆಪರೇಶನ್ ಆದವ್ರಿಗೆಲ್ಲಾ ಅದು ಒಂದೀಟ ದಿನ ಹೋಗೂದ. ಇಷ್ಟ ಓದೀರಿ, ಬರದೀರಿ, ಉಚ್ಚಿಗೆ ಉಚ್ಚಿ ಅನ್ನಾಕ ಬರಲಿಲ್ಲೇನ್ರಿ ನಿಮಗ?"

ನನಗೆ ಅಳು ಒತ್ತಿಕೊಂಡು ಬಂತು. ಮೂರು ತಿಂಗಳಿನ ಅಳು. ಲಾಲಬಿ ಅಳಲು ಬಿಟ್ಟು, ಮೇಜಿನ ಮೇಲಿದ್ದ ಅರ್ಜಿ ಎತ್ತಿಕೊಂಡು, "ಇದೇನ್ರಿ?" ಅಂದಳು. ಆಕೆಗೆ ಓದಲು ಬರುವುದಿಲ್ಲ. ಹೇಳಿದೆ. "ಇದು ನನ್ನ ಹತ್ರ ಇರ್ಲಿ" ಎಂದು ಮಡಚಿ, ಬದನೆಕಾಯಿ ಸುರುವಿ ಬರಿದಾದ ಚೀಲಕ್ಕೆ ಹಾಕಿಕೊಂಡಳು. ನಾನು ಬೇಡ ಅನ್ನಲಿಲ್ಲ.

ಸೋಮವಾರ ಯಜಮಾನರು ಕೆಲಸಕ್ಕೆ ರಜೆ ಹಾಕಿ, ನನ್ನನ್ನೂ ಲಾಲಬಿಯನ್ನೂ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ, ಹೊರಗೆ ಕಟ್ಟಿಗೆಯ ಬಾಕಿನ ಮೇಲೆ ಕೂಡಿಸಿದೆವು. ಒಳಗಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರು, ಕರುಣಾ ಅಂತ ಹೆಸರು. "ಏನ್ ತ್ರಾಸ ಅದ್ರಿ?" ಎಂದು ಕೇಳಿದರು.

"ಸ್ವಲ್ಪ ನೀರು..." ಅಂದೆ. ಲಾಲಬಿಯ ಮೊಣಕೈ ಪಕ್ಕೆಗೆ ಬಿತ್ತು.

ನನಗೆ ಮೆಲ್ಲನೆ ಮಾತಾಡಲು ಬಾರದು. ಒಂದೋ ಸುಮ್ಮನಿರುತ್ತೇನೆ, ಇಲ್ಲವೋ ಹಿಂದಿನ ಸಾಲಿನವರಿಗೆ ಕೇಳುವ ಹಾಗೆ ಹೇಳುತ್ತೇನೆ. ಕಣ್ಣು ಮುಚ್ಚಿಕೊಂಡು ಹೇಳಿಯೇ ಬಿಟ್ಟೆ, "ಉಚ್ಚಿ ಸೋರ್ತದ್ರಿ! ಹಗಲೂ ರಾತ್ರಿ! ಮೂರು ತಿಂಗಳಾತು!" ಹೊರಗಿನ ಗದ್ದಲವೆಲ್ಲ ಒಮ್ಮೆಲೇ ನಿಂತಿತು.

ಡಾಕ್ಟರು ನಗಲಿಲ್ಲ, ಮುಖ ಸಿಂಡರಿಸಲಿಲ್ಲ. ಪೆನ್ನು ಕೆಳಗಿಟ್ಟು, "ಛಲೋ ಆತು, ಸರಿಯಾಗಿ ಹೇಳಿದ್ರಿ" ಅಂದರು. ಇಪ್ಪತ್ತೆರಡು ವರ್ಷದಲ್ಲಿ ಯಾವ ಕೂಸಿಗೂ ನಾನು ಹಾಗೆ ಅಂದಿರಲಿಲ್ಲ.

ಮಲಗಿಸಿ, ನಳಿಕೆಯಿಂದ ಮೂತ್ರಚೀಲಕ್ಕೆ ನೀಲಿ ಬಣ್ಣದ ನೀರು ಬಿಟ್ಟರು. ಕೆಳಗೆ ಒಳಗಿಟ್ಟಿದ್ದ ಹತ್ತಿಯನ್ನು ಸ್ವಲ್ಪ ಹೊತ್ತಿನ ಮೇಲೆ ತೆಗೆದು ತೋರಿಸಿದರು. ಹತ್ತಿ ನೀಲಿಯಾಗಿತ್ತು. ಆಪರೇಷನ್ನಿನಲ್ಲಿ ಮೂತ್ರಚೀಲಕ್ಕೆ ಪೆಟ್ಟಾಗಿ ಸಣ್ಣ ತೂತು ಬಿದ್ದಿದೆ, ಅಪರೂಪಕ್ಕೆ ಹೀಗಾಗುತ್ತದೆ ಎಂದರು. ನಾನು ಮಕ್ಕಳ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತೋರಿಸಿದವಳು. ನನ್ನದು ನೀಲಿಯಲ್ಲಿ ಬಂತು.

"ಮೊದಲನೇ ವಾರದಾಗ ಗೊತ್ತಾಗಿದ್ರ," ಡಾಕ್ಟರು ಮೆಲ್ಲಗೆ ಹೇಳಿದರು, "ನಳಿಕಿ ಹಾಕಿಟ್ರ ಕೆಲವೊಮ್ಮೆ ತಾನಾ ಮುಚ್ಕೋತದ. ಇರ್ಲಿ. ಈಗ ಹೊಲಿಯೋಣ. ಬಹಳ ಮಂದಿಗೆ ಒಂದ ಸಲಕ್ಕ ಸರಿ ಆಗ್ತದ. ಅಲ್ಲೀತನಾ ನೀರು ಕುಡೀರಿ. ಹೊಟ್ಟಿ ತುಂಬ ಕುಡೀರಿ."

ಹೊರಗೆ ಬಂದಾಗ ಯಜಮಾನರು ಬಾಕಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನನ್ನ ದನಿ ಅವರಿಗೂ ಕೇಳಿತ್ತು. "ನಾ ಏನ್ ತಿಳ್ಕೊಂಡಿದ್ದೆ ಗೊತ್ತೈತೇನ್?" ಅಂದರು. "ಆಪರೇಶನ್ ಮಾಡ್ಸು ಅಂದಾಂವ ನಾನ ಅಲ್ಲೇನ್, ಅದಕ್ಕ ನನ್ ಮ್ಯಾಲಿನ ಸಿಟ್ಟಿಗೆ ಹೊರಗ ಹಾಕೀದಿ ಅಂತ."

"ಸಿಟ್ಟೂ ಇತ್ರಿ," ಅಂದೆ. ಸುಳ್ಳು ಯಾಕೆ ಹೇಳಲಿ?

"ಇರ್ಲಿ ಬಿಡು. ಸಿಟ್ಟ ಮಾಡ್ಕೊ. ಒಬ್ಬಾಕೀನ ಇರಬ್ಯಾಡ," ಎಂದು ನನ್ನ ಕೈ ಹಿಡಿದರು. ಅಷ್ಟು ಜನರ ನಡುವೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಲಾಲಬಿ ಬೇಕೆಂತಲೇ ಆಚೆ ನೋಡುತ್ತ ನಿಂತಳು.

ಗಣೇಶನ ಹಬ್ಬ ಮುಗಿದ ಮೇಲೆ ಹೊಲಿಗೆ ಹಾಕಿದರು. ಆಮೇಲೆ ಮೂರು ವಾರ ನಳಿಕೆ, ಅದರ ತುದಿಗೆ ಒಂದು ಚೀಲ. ಹೊಲಿಗೆ ಹಿಡಿಯುತ್ತದೋ ಬಿಡುತ್ತದೋ ಎಂಬ ಅಂಜಿಕೆ ದಿನಾ ಇತ್ತು. ಹಿಡಿಯದಿದ್ದರೆ ಶಾಲೆ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಮುಟ್ಟಿ ನೋಡುತ್ತಿದ್ದೆ. ಒಣಗಿರುತ್ತಿತ್ತು. ಆದರೂ ನಂಬಿಕೆ ಬರುತ್ತಿರಲಿಲ್ಲ. ಮೂತ್ರದ ಚೀಲ ಮಂಚದ ಕಾಲಿಗೆ ನೇತಾಡುತ್ತಿರುವಾಗಲೇ ಒಂದು ದಿನ ಮಾಡದಲ್ಲಿದ್ದ ಲಿಂಗ ತರಿಸಿಕೊಂಡು ಅಂಗೈ ಮೇಲೆ ಇಟ್ಟುಕೊಂಡೆ. ನಾನು ಮಾಡಿದ ಪಾಠ ನನಗೇ ಆವತ್ತು ತಿಳಿಯಿತು. ಯಜಮಾನರು ಚೀಲ ಬರಿದು ಮಾಡಲು ಬಂದವರು, ಪೂಜೆ ಮುಗಿಯುವವರೆಗೆ ಬಾಗಿಲಲ್ಲೇ ನಿಂತರು.

"ನೋಡ್ರಿ," ಅಂದೆ ಅವರಿಗೆ, "ಒಂದ ಚೀಲ ತಗಿಸ್ಲಿಕ್ಕೆ ಹೋದೆ, ಇನ್ನೊಂದು ಚೀಲ ತೂತಾತು, ಮೂರನೇ ಚೀಲ ನಿಮ್ಮ ಕೈಗೆ ಬಂತು." ಅವರು ನಕ್ಕರು. ಎಷ್ಟೋ ತಿಂಗಳ ಮೇಲೆ ನಾನೂ ನಕ್ಕೆ, ಹೊಲಿಗೆ ನೋಯುವಷ್ಟು.

ಮೂರು ವಾರದ ಮೇಲೆ ಡಾಕ್ಟರು ನಳಿಕೆ ತೆಗೆದರು. ಬಿಳಿಯ ಟವೆಲ್ ಹಾಸಿ, ನೀರು ಕುಡಿಸಿ, ಇಲ್ಲೇ ಕಾಯಿರಿ ಎಂದರು. ಒಂದು ತಾಸಾಯಿತು. ಯಜಮಾನರು ಗಡಿಯಾರ ನೋಡುವುದು, ನಾನು ಟವೆಲ್ ಮುಟ್ಟುವುದು. ಒಣಗಿದೆ. ಮತ್ತೆ ಮುಟ್ಟಿದೆ. ಒಣಗಿದೆ. ಅಷ್ಟರಲ್ಲಿ ಕಿಬ್ಬೊಟ್ಟೆಯಲ್ಲಿ ಏನೋ ತುಂಬಿಕೊಂಡು ಒತ್ತಿದಂತಾಯಿತು. ಮೊದಲು ಹೆದರಿದೆ. ಆಮೇಲೆ ಗುರುತು ಹತ್ತಿತು. ಐದು ತಿಂಗಳಿಂದ ಮರೆತೇಹೋಗಿದ್ದ ಒತ್ತಡ ಅದು. ಬರುತ್ತಿದೆ, ಆದರೆ ನಿಂತಿದೆ, ನಾನು ಹೇಳುವ ತನಕ ಕಾಯುತ್ತಿದೆ!

"ರೀ!" ಎಂದು ಕೂಗಿದೆ. "ನನಗ ಉಚ್ಚಿ ಬಂದದ್ರಿ!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಯಜಮಾನರು ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ, "ಹೋಗಿ ಬಾ, ಹೋಗಿ ಬಾ" ಅಂದರು. ಕಣ್ಣಲ್ಲಿ ನೀರಿತ್ತು. ಅದು ಖರೇ ನೀರು.

ಇನ್ನಷ್ಟು ದಿನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಂಡು, ದೀಪಾವಳಿ ದಾಟಿದ ಮೇಲೆ ಮುಗದದ ಬಸ್ಸು ಹತ್ತಿದೆ. ಭಾರ ಎತ್ತಬಾರದೆಂದು ಲಾಲಬಿ ಶಾಲೆಯ ಬಾಗಿಲಲ್ಲೇ ನನ್ನ ಕೈಯಿಂದ ಪುಸ್ತಕದ ಚೀಲವನ್ನೂ ಕಸಿದುಕೊಂಡಳು. ನನ್ನ ಅರ್ಜಿ ಎಲ್ಲಿ ಎಂದು ಕೇಳಿದೆ. "ಬ್ಯಾಳಿ ಡಬ್ಬಿ ತಳಕ್ಕ ಹಾಸೇನ್ರಿ. ಕಾಗದ ಗಟ್ಟಿ ಇತ್ತು" ಅಂದಳು.

ಎರಡನೆಯ ಪಿರಿಯಡ್ಡಿನಲ್ಲಿ ಮೂರನೆಯ ತರಗತಿಯ ಪೂನಮ್ ಎದ್ದು ನಿಂತಳು. ಕಾಲಿಗೆ ಕಾಲು ಒತ್ತಿಕೊಂಡಿದ್ದಳು. "ಅಕ್ಕೋರ, ಒಂ... ಒಂದ..." ಅವಸರದಲ್ಲಿ ಮಾತು ಸಿಗಲಿಲ್ಲ. "ಉಚ್ಚಿ ಬಂದೈತ್ರಿ!" ಅಂದುಬಿಟ್ಟು, ಬಾಯಿ ಮೇಲೆ ಎರಡೂ ಕೈ ಇಟ್ಟುಕೊಂಡಳು. ಇಡೀ ತರಗತಿ ಉಸಿರು ಹಿಡಿದು ನನ್ನನ್ನು ನೋಡಿತು.

ನಾನು ಬೋರ್ಡಿಗೆ ಬರೆಯುತ್ತಿದ್ದ ಖಡು ಕೆಳಗಿಟ್ಟೆ. "ಬಂತೇನವಾ? ಛಲೋ ಆತು, ಸರಿಯಾಗಿ ಹೇಳಿದಿ. ಓಡು, ಲಗೂ ಓಡು."

ಪೂನಮ್ ಓಡಿದಳು. ಹುಡುಗರು ಕಿಸಕ್ಕನೆ ನಕ್ಕರು. "ನಗಬ್ಯಾಡ್ರಿ," ಅಂದೆ. "ಇನ್ ಮ್ಯಾಲ ಯಾರಿಗೆ ಬಂದ್ರೂ ಹಿಂಗ ಹೇಳ್ರಿ. ಹೇಳ್ಲಿಕ್ಕೆ ಆಗದಿದ್ರ ಹೇಳದನ ಓಡ್ರಿ."

ಬೆಳಿಗ್ಗೆಯಿಂದ ಎರಡು ಬಾಟಲಿ ನೀರು ಕುಡಿದಿದ್ದೆ. ಪಾಠದ ನಡುವೆ ನನಗೂ ಒತ್ತಿ ಬಂತು. ಇಡೀ ತರಗತಿಗೆ ಹೇಳಿಯೇ ಹೋದೆ.