ಪದಕದ ತೂಕ

ಸಂಗಮೇಶ ಪದಕದ ಪಿನ್ನನ್ನು ಶವಪೆಟ್ಟಿಗೆಯಲ್ಲಿದ್ದ ಅಪ್ಪನ ಎದೆಯ ಬಿಳಿ ಬಟ್ಟೆಗೆ ಚುಚ್ಚುವಷ್ಟರಲ್ಲಿ ಸಾವಿತ್ರವ್ವ ಮಗನ ಮಣಿಕಟ್ಟು ಹಿಡಿದಳು.

"ಬ್ಯಾಡೋ. ಅದನ್ನ ಹಚ್ಚಬ್ಯಾಡ ಅಂತ ಅವರೇ ಹೇಳ್ಯಾರ."

"ಯಾವಾಗ? ಮೈಮ್ಯಾಲ ಎಚ್ಚರ ಇಲ್ಲದಾಗ?"

"ಎಚ್ಚರ ಇದ್ದೇ ಹೇಳಿದ್ರು. ಕೈಯಾಗ ಲಿಂಗ ಇದ್ರ ಸಾಕು ಅಂದ್ರು."

ಬಾಗ್ದಾದಿನ ಮೇಲೆ ಅಮೆರಿಕದ ಬಾಂಬು ಬೀಳತೊಡಗಿ ಮೂರು ವಾರವಾಗಿತ್ತು. ಅಂಥ ಬಾಂಬುಗಳಿಗೆ ದಾರಿ ತೋರಿಸುವ ಯಂತ್ರ ಮಾಡುವ, ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದ ಕಂಪನಿಯೊಂದರಲ್ಲಿ ಸಂಗಮೇಶ ಎಂಜಿನಿಯರು. ಅವನ ಬಾಸು ಅಲ್ಲಿಂದ ಸ್ಯಾನ್ ಡಿಯೇಗೋದ ಈ ಫ್ಯೂನರಲ್ ಹೋಮಿಗೆ ಅಂತಿಮ ದರ್ಶನಕ್ಕೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ.

"ಅವ್ವಾ, ಹೋದ ವಾರ ಗ್ಯಾಸ್ ಸ್ಟೇಷನ್ನಾಗ ಒಬ್ಬಾಂವ ನನ್ನ ಮಾರಿ ನೋಡಿ, ಇರಾಕಿನಾಂವ ಅಂತ ತಿಳಿದು ಉಗುಳಿದ. ಇದೊಂದು ಕಂಡ್ರ ಸಾಕು, ನಾವು ಇವರ ಕಡೇದವ್ರು ಅಂತ ತಿಳೀತದ."

ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿ ಸಾವಿತ್ರವ್ವನ ಪಕ್ಕದ ಮನೆಯ ಇಂದುಧರ ದನಿಗೂಡಿಸಿದ. "ಇರ್ಲಿ ಬಿಡಿ ಆಂಟಿ. ಎಷ್ಟು ಜನರ ಅಪ್ಪಂಗೆ ವಾರ್ ಮೆಡಲ್ ಇರತ್ತೆ? ನಮ್ಮಪ್ಪ ಜೀವಮಾನದಲ್ಲಿ ಗೆದ್ದಿದ್ದು ಒಂದು ಸ್ಟೀಲ್ ಲೋಟ."

"ವಾರ್ ಎಲ್ಲಿತ್ತಪ್ಪಾ?" ಎಂದಳು ಸಾವಿತ್ರವ್ವ.

* * *

ನಲವತ್ತೆರಡರ ಚಲೇಜಾವ್ ಚಳವಳಿಯಲ್ಲಿ ಸಂಗಮೇಶನ ಅಪ್ಪ, ಬ್ರಿಟಿಷ್ ಸೈನ್ಯದ ಲೆಫ್ಟಿನೆಂಟ್ ವೀರಣ್ಣ, ಹತ್ತು ಸಿಪಾಯಿಗಳೊಂದಿಗೆ ಸಾವಿರ ದಂಗೆಕೋರರಿಂದ ರೈಲ್ವೆ ಸ್ಟೇಷನ್ ಉಳಿಸಿದನೆಂದು ಬ್ರಿಟಿಷರು ಪದಕ ಕೊಟ್ಟರು. ಗುಂಡು ತಿಂದ ದಂಗೆಕೋರರ ಕೈಯಲ್ಲಿ ಬಾವುಟ ಬಿಟ್ಟರೆ ಏನೂ ಇರಲಿಲ್ಲ.

ಮಹಾಯುದ್ಧ ಮುಗಿದ ಮೇಲೆ ಶಿವಬಸವ್ವನೆಂಬ ಮುದುಕಿ ಅವನ ಬಾಗಿಲಿಗೆ ಬಂದಳು. ಆಗಷ್ಟೇ ಮದುವೆಯಾಗಿ ಬಂದಿದ್ದ ಸಾವಿತ್ರವ್ವ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ನನ್ನ ಮಗನ್ನ ಕೊಂದದ್ದಕ್ಕ ಏನೋ ಕೊಟ್ಟಾರಂತಲ್ಲ ಸಾಹೇಬ್ರ. ತೋರಿಸ್ರಿ."

ವೀರಣ್ಣ ತಂದುಕೊಟ್ಟ. ಮುದುಕಿ ಅದನ್ನು ಅಂಗೈಯಲ್ಲಿಟ್ಟು ತೂಗಿದಳು.

"ಹಗುರ ಅದ," ಎಂದು ಹಿಂದಕ್ಕೆ ಕೊಟ್ಟು ನಡೆದಳು.

ಆಮೇಲೆ ವೀರಣ್ಣ ಅದನ್ನು ಎಂದೂ ಧರಿಸಲಿಲ್ಲ. ಎಸೆಯುವ ಧೈರ್ಯವೂ ಆ ಶೂರನಿಗೆ ಬರಲಿಲ್ಲ.

* * *

ಸಂಗಮೇಶ ಕೈ ಕೊಸರಿಕೊಂಡು ಪದಕ ಚುಚ್ಚಿಯೇಬಿಟ್ಟ. ಬಂದವರು ಸಾಲಾಗಿ ದರ್ಶನ ಪಡೆಯತೊಡಗಿದರು. ಬಾಸು ಪೆಟ್ಟಿಗೆಯ ಮುಂದೆ ನಿಂತ, ಬಗ್ಗಿ ಪದಕ ನೋಡಿದ, ನೆಟ್ಟಗಾಗಿ ಸಲ್ಯೂಟ್ ಹೊಡೆದ.

"ಬ್ರೇವ್ ಮ್ಯಾನ್," ಎಂದ.

ಸಂಗಮೇಶನ ಬಗ್ಗಿದ್ದ ಬೆನ್ನು ನೆಟ್ಟಗಾಯಿತು. ಸಾವಿತ್ರವ್ವ ಕುರ್ಚಿ ಬಿಟ್ಟು ಎದ್ದಳು.

"ಅವ್ವಾ, ಎಲ್ಲಾರೂ ನೋಡಾಕತ್ತಾರ!"

"ನೋಡ್ಲಿ."

ಪದಕದ ಪಿನ್ನು ಬಿಚ್ಚಲು ಅವಳಿಗೆ ಬರಲಿಲ್ಲ. ಹಿಡಿದು ಜಗ್ಗಿದಳು. ಬಟ್ಟೆ ಹರಿದ ಸದ್ದು ಇಡೀ ಕೋಣೆಗೆ ಕೇಳಿಸಿತು.

ಬಾಸಿನ ಕೈ ಇನ್ನೂ ಹಣೆಯಿಂದ ಇಳಿದಿರಲಿಲ್ಲ. ಅವನೆದುರು, ಬಿಳಿ ಬಟ್ಟೆಯ ಎಡ ಎದೆಯಲ್ಲಿ, ಒಂದು ತೂತು.